ಚಂಚಲ ಬಾಲಕಿಯರೂ ನಮ್ಮ ಕರ್ತವ್ಯವೂ

ನಮ್ಮ ಪ್ರಿಯ ಪಾಠಶಾಲೆಯ ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕಿಯರು ಕೇಳಿದಾಗ, ಹಳೆಯ ಸಂಚಿಕೆಗಳನ್ನು ಪೆಟ್ಟಿಗೆಯಿಂದ ತೆಗೆದು ಒಂದೊಂದಾಗಿ ನೋಡಿದೆನು. ಪ್ರತಿಯೊಂದರಲ್ಲಿಯೂ ಗೈಡ್ ದಳದ ಚಿತ್ರ, ಗಾಯನ ಮಂಡಲಿಯ ಚಿತ್ರ, ಆಟದ ಪಂದ್ಯಗಳಲ್ಲಿ ಬಹುಮಾನ ಪಡೆದವರ ಚಿತ್ರ. ಎಲ್ಲರೂ ಸಾಲಾಗಿ, ನೆಟ್ಟಗೆ, ಕೈಕಟ್ಟಿಕೊಂಡು ನಿಂತಿರುವರು. ಈ ಮುಖಗಳನ್ನು ನೋಡಿ ಸಂತೋಷಪಡದವರಾರು? ಆದರೆ ಒಂದು ಚಿತ್ರದ ಮುಂದೆ ನನ್ನ ಮನಸ್ಸು ನಿಂತುಹೋಯಿತು. ಅದು ನಾನು ಗೈಡ್ ಕ್ಯಾಪ್ಟನ್ ಆಗಿದ್ದ ಒಂದು ವರ್ಷದ ಚಿತ್ರ. ಅದರಲ್ಲಿ ಇರಬೇಕಾಗಿದ್ದ ಒಬ್ಬ ಹುಡುಗಿ ಇಲ್ಲ. ಅವಳು ಇಲ್ಲದಿರುವುದಕ್ಕೆ ಕಾರಣ ನಾನೇ. ಆ ಸಂಗತಿಯನ್ನು ಹೇಳಿ, ಅದರಿಂದ ನಾನು ಕಲಿತುದನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಅವಳಿಗೆ ಆಗ ೧೧ ವರ್ಷ. ಚುರುಕು ಬುದ್ಧಿ, ನಗುಮುಖ. ಯಾವ ಕೆಲಸಕ್ಕೆ ಕರೆದರೂ ಎಲ್ಲರಿಗಿಂತ ಮೊದಲು ಓಡಿಬರುವವಳು. ಆದರೆ ಒಂದೆಡೆ ನಿಲ್ಲಲಾರಳು. ಧ್ವಜದ ಎದುರಿಗೆ ದಳವು ಲಾಳದ ಆಕಾರದಲ್ಲಿ ನಿಂತಿರುವಾಗ ಇವಳ ಕಾಲು ಮಾತ್ರ ಮಣ್ಣನ್ನು ಕೆದಕುತ್ತಿರುವುದು. ನಾನು ಪ್ರಶ್ನೆಯನ್ನು ಮುಗಿಸುವುದರೊಳಗಾಗಿ ಉತ್ತರವನ್ನು ಕೂಗಿಬಿಡುವಳು. ಗಂಟು ಹಾಕುವುದನ್ನು ಕಲಿಸುತ್ತಿದ್ದರೆ, ಎರಡು ಸುತ್ತು ಹಾಕಿ ಹಗ್ಗವನ್ನು ಅಲ್ಲಿಯೇ ಬಿಟ್ಟು ಗೋಡೆಯ ಮೇಲಿನ ಅಳಿಲನ್ನು ನೋಡಲು ಹೋಗುವಳು. ಒಂದೇ ವರ್ಷದಲ್ಲಿ ಮೂರು ಸ್ಕಾರ್ಫುಗಳನ್ನು ಕಳೆದುಕೊಂಡಳು. ಇದೆಲ್ಲ ಹಟವೆಂದೂ ಅವಿಧೇಯತೆಯೆಂದೂ ನಾನು ತಿಳಿದೆನು. ಮೂರು ಸಲ ಎಲ್ಲರೆದುರಿಗೆ ಗದರಿಸಿದೆನು. ನಾಲ್ಕನೆಯ ಸಲ ತಂದೆಯನ್ನು ಬರಮಾಡಿ, “ಮಗಳಿಗೆ ಸ್ವಲ್ಪ ಶಿಸ್ತು ಬಂದ ಮೇಲೆ ಕಳುಹಿಸಿರಿ” ಎಂದೆನು. ಅವರು ಒಂದು ಮಾತನ್ನೂ ಆಡದೆ ಮಗಳ ಕೈಹಿಡಿದು ಹೊರಟುಹೋದರು. ಅವಳು ಮತ್ತೆ ದಳಕ್ಕೆ ಬರಲಿಲ್ಲ.

ಕೆಲವು ವರ್ಷಗಳ ತರುವಾಯ ಒಂದು ಮದುವೆಯ ಮನೆಯಲ್ಲಿ ಅವಳ ತಾಯಿಯನ್ನು ಕಂಡೆನು. ಮಗಳನ್ನು ವೈದ್ಯರು ಪರೀಕ್ಷಿಸಿ, ಅವಳಿಗಿರುವುದು ಎ.ಡಿ.ಎಚ್.ಡಿ. ಎಂದು ತಿಳಿಸಿದರೆಂದೂ, ಈಗ ಓದಿನಲ್ಲಿ ಮೊದಲಿಗಿಂತ ಮೇಲಾಗಿರುವಳೆಂದೂ ಹೇಳಿದರು. ಬಳಿಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಟೀಚರ್, ಶನಿವಾರ ಬಂತೆಂದರೆ ಬೆಳಿಗ್ಗೆ ಐದಕ್ಕೇ ಎದ್ದು ಗೈಡ್ ಸಮವಸ್ತ್ರ ಹಾಕಿಕೊಂಡು ಬಾಗಿಲಲ್ಲಿ ಕೂತಿರುತ್ತಿದ್ದಳು. ಸ್ಕೂಲಿನಲ್ಲಿ ಅವಳಿಗೆ ಇಷ್ಟವಾಗಿದ್ದದ್ದು ಅದೊಂದೇ” ಎಂದರು. ಆಕೆ ನನ್ನನ್ನು ದೂರಲಿಲ್ಲ. ದೂರಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಈ ನಾಲ್ಕು ಅಕ್ಷರಗಳ ಅರ್ಥವೇನೆಂದು ಅರಿಯದವರಿಗಾಗಿ ಸ್ವಲ್ಪ ವಿವರಿಸುವೆನು. ಗಮನದ ಕೊರತೆ ಮತ್ತು ಅತಿಯಾದ ಚಟುವಟಿಕೆ ಎಂಬುದೇ ಅದರ ತಾತ್ಪರ್ಯ. ಹೆಸರು ಹೊಸದಾದರೂ ಸಂಗತಿಯು ಹಳೆಯದು. ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ೧೯೦೨ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್ ಎಂಬ ಸಂಸ್ಥೆಯಲ್ಲಿ ಉಪನ್ಯಾಸಗಳನ್ನು ಮಾಡಿ, ಬುದ್ಧಿಯಲ್ಲಿ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ತಡೆದುಕೊಳ್ಳಲಾರದ ಮಕ್ಕಳ ವಿಷಯವನ್ನು ಹೇಳಿದರು. ಅವರು ಇದನ್ನು ನೈತಿಕ ಹತೋಟಿಯ ಕೊರತೆಯೆಂದು ಕರೆದರು. ನಾನು ಆ ಹುಡುಗಿಯ ವಿಷಯದಲ್ಲಿ ಭಾವಿಸಿದುದೂ ಹೆಚ್ಚುಕಡಿಮೆ ಅದನ್ನೇ. ಆದರೆ ಅವರ ಕಾಲದಲ್ಲಿ ಬೇರೆ ತಿಳಿವಳಿಕೆ ಇರಲಿಲ್ಲ, ನನ್ನ ಕಾಲದಲ್ಲಿ ಇತ್ತು. ೧೯೮೦ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ಕೈಪಿಡಿಯಲ್ಲಿ ಗಮನದ ಕೊರತೆಯನ್ನೇ ಇದರ ಮುಖ್ಯ ಲಕ್ಷಣವಾಗಿ ಹೆಸರಿಸಿತು. ಈಗಿನ ಹೆಸರು ೧೯೮೭ರಲ್ಲಿ ಬಂದಿತು.

ಇದು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿಯೆಂದೂ, ಬಹುಮಟ್ಟಿಗೆ ವಂಶದಿಂದ ಬರುವಂಥದೆಂದೂ ವೈದ್ಯಶಾಸ್ತ್ರವು ಇಂದು ಹೇಳುವುದು. ತಾಯಿ ಮುದ್ದುಮಾಡಿದುದರಿಂದಾಗಲಿ ತಂದೆ ಸಲಿಗೆ ಕೊಟ್ಟುದರಿಂದಾಗಲಿ ಇದು ಹುಟ್ಟುವುದಿಲ್ಲ. ನಾನಾ ದೇಶಗಳಲ್ಲಿ ನಡೆದ ಪರಿಶೋಧನೆಗಳನ್ನು ಒಟ್ಟುಗೂಡಿಸಿ ೨೦೦೭ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ೧೦೦ ಮಕ್ಕಳಲ್ಲಿ ಸುಮಾರು ಐವರಿಗೆ ಇದಿರುವುದು. ಹಾಗಾದರೆ ೩೦ ಮಂದಿಯ ಗೈಡ್ ದಳದಲ್ಲಿ ಇಂಥವರು ಒಬ್ಬಿಬ್ಬರು ಇರುವರೆಂದೇ ತಿಳಿದು ನಾವು ಸಿದ್ಧರಾಗಬೇಕು.

ಆದರೆ ಓಡುವ ಹುಡುಗಿಗೆಲ್ಲ ನಾವೇ ಈ ಹೆಸರನ್ನಿಡುವುದು ಸರ್ವಥಾ ಸಲ್ಲದು. ಮಕ್ಕಳು ಓಡಲೇ ಬೇಕು. ಲಕ್ಷಣಗಳು ಆರು ತಿಂಗಳಾದರೂ ಬಿಡದೆ ಇರಬೇಕು. ಅವುಗಳಲ್ಲಿ ಹಲವು ೧೨ ವರ್ಷ ತುಂಬುವ ಮೊದಲೇ ಕಂಡಿರಬೇಕು. ಮನೆಯಲ್ಲಿ ಮಾತ್ರವೇ ಶಾಲೆಯಲ್ಲಿ ಮಾತ್ರವೇ ಕಾಣದೆ ಎರಡು ಕಡೆಗಳಲ್ಲಾದರೂ ಕಾಣಬೇಕು. ಮಗುವಿನ ಓದಿಗೂ ಸ್ನೇಹಕ್ಕೂ ಅಡ್ಡಿಯಾಗಿರಬೇಕು. ಮೇಲೆ ಹೇಳಿದ ಕೈಪಿಡಿಯ ೨೦೧೩ರ ಆವೃತ್ತಿಯಲ್ಲಿ ಹೀಗೆ ನಿಯಮಿಸಿರುವರು. ಇದನ್ನು ನಿರ್ಣಯಿಸತಕ್ಕವರು ವೈದ್ಯರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳಿಗಾಗಿಯೇ ಒಂದು ವಿಭಾಗವಿದೆ. ಅಷ್ಟು ದೂರ ಹೋಗಲಾರದವರು ತಮ್ಮ ಊರಿನ ಮಕ್ಕಳ ವೈದ್ಯರನ್ನೋ ಮನೋವೈದ್ಯರನ್ನೋ ಮೊದಲು ಕೇಳಬಹುದು.

ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಾದ್ದರಿಂದ ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಈ ಸ್ಥಿತಿಯನ್ನು ಗಂಡುಹುಡುಗರಲ್ಲಿ ಗುರುತಿಸುವಷ್ಟು ಹೆಣ್ಣುಮಕ್ಕಳಲ್ಲಿ ಗುರುತಿಸುವುದಿಲ್ಲ. ಅನೇಕ ಹುಡುಗಿಯರಲ್ಲಿ ಓಡಾಟ ಕಡಿಮೆ, ಮರೆವು ಹೆಚ್ಚು. ಅಂಥವಳು ಸುಮ್ಮನೆ ಕುಳಿತಿರುವಳು, ಆದರೆ ಹೇಳಿದುದು ಕಿವಿಯ ಮೇಲೆಯೇ ಹೋಗುವುದು. ಪುಸ್ತಕ ಮನೆಯಲ್ಲಿ, ಊಟದ ಡಬ್ಬಿ ಬಸ್ಸಿನಲ್ಲಿ, ಮನಸ್ಸು ಕಿಟಕಿಯ ಹೊರಗೆ. ಅವಳಿಂದ ಯಾರಿಗೂ ತೊಂದರೆಯಿಲ್ಲದ ಕಾರಣ ಅವಳ ತೊಂದರೆಯೂ ಯಾರಿಗೂ ತಿಳಿಯುವುದಿಲ್ಲ. “ಸೋಮಾರಿ”, “ಕನಸುಗಾತಿ” ಎಂಬ ಹೆಸರು ಪಡೆದು, ಕಡೆಗೆ ತಾನು ದಡ್ಡಿಯೆಂದು ತಾನೇ ನಂಬಿಬಿಡುವಳು. ದಳದಿಂದ ಇವಳನ್ನು ಯಾರೂ ಹೊರಗೆ ಹಾಕುವುದಿಲ್ಲ. ಇವಳೇ ಒಂದು ದಿನ ಬರುವುದನ್ನು ನಿಲ್ಲಿಸುವಳು.

“ಇಷ್ಟಬಂದರೆ ಗಂಟೆಗಟ್ಟಲೆ ಚಿತ್ರ ಬರೆಯುತ್ತಾಳಲ್ಲ, ನಾವು ಹೇಳಿದಾಗ ಮಾತ್ರ ಏಕೆ ಆಗುವುದಿಲ್ಲ?” ಎಂದು ಅನೇಕರು ಕೇಳುವರು. ಹಟದ ಸಂಶಯ ಹುಟ್ಟುವುದು ಇಲ್ಲಿಯೇ. ಈ ಮಕ್ಕಳಲ್ಲಿ ಗಮನವೇ ಇಲ್ಲವೆಂದಲ್ಲ. ಅದನ್ನು ಬೇಕಾದ ಕಡೆಗೆ ತಿರುಗಿಸಿ ಬೇಕಾದಷ್ಟು ಹೊತ್ತು ನಿಲ್ಲಿಸುವ ಶಕ್ತಿ ಕಡಿಮೆ. ಮನಸ್ಸಿಗೆ ಹಿಡಿಸಿದ ಕೆಲಸವು ಅವರನ್ನು ತಾನೇ ಹಿಡಿದಿಡುವುದು. ಹಿಡಿಸದ ಕೆಲಸದಲ್ಲಿ ನಮ್ಮಂತೆ ಮನಸ್ಸನ್ನು ಹಿಡಿದು ಕೂರಿಸಲು ಅವರಿಗೆ ಬಹಳ ಕಷ್ಟ. ಹೀಗಿರುವಾಗ ಗದರಿಕೆಯಿಂದ ಶಕ್ತಿ ಬರುವುದೇ? “ಶಿಸ್ತು ಬಂದ ಮೇಲೆ ಕಳುಹಿಸಿರಿ” ಎಂದ ನನ್ನ ಮಾತು, ಈಜು ಬಂದ ಮೇಲೆ ನೀರಿಗೆ ಇಳಿಯೆಂದಂತೆ ಆಯಿತು.

ನನ್ನ ಅಭಿಪ್ರಾಯವನ್ನು ಈಗ ಸ್ಪಷ್ಟವಾಗಿ ಹೇಳುವೆನು. ಇಂಥ ಬಾಲಕಿಗೆ ತರಗತಿಯಲ್ಲಿ ದೊರೆಯದ ಮರ್ಯಾದೆಯು ದೊರೆಯಬಹುದಾದ ಸ್ಥಳಗಳು ಗೈಡ್ ದಳ, ಗಾಯನ ಮಂಡಲಿ, ರಜಾಕಾಲದ ಶಿಬಿರ ಮೊದಲಾದವು. ಇಲ್ಲಿ ಅಂಕಗಳಿಲ್ಲ, ಕೈಕಾಲುಗಳಿಗೆ ಕೆಲಸವುಂಟು, ಜತೆಗೆ ಗೆಳತಿಯರುಂಟು. ಆದುದರಿಂದ ಅವಳನ್ನು ಇಲ್ಲಿಂದ ಹೊರಗೆ ಕಳುಹಿಸುವುದು ಉಳಿದೆಲ್ಲ ಶಿಕ್ಷೆಗಳಿಗಿಂತ ದೊಡ್ಡ ಶಿಕ್ಷೆ. ಅವಳನ್ನು ಉಳಿಸಿಕೊಳ್ಳುವ ಭಾರವು ಅವಳ ಮೇಲಲ್ಲ, ನಡೆಸುವವರಾದ ನಮ್ಮ ಮೇಲಿದೆ.

ಉಳಿಸಿಕೊಳ್ಳುವ ಬಗೆ ಹೇಗೆ? ನಾನು ಆಮೇಲಿನ ವರ್ಷಗಳಲ್ಲಿ ಓದಿ, ಕೇಳಿ, ಮಾಡಿ ನೋಡಿದ ಕೆಲವು ಸಂಗತಿಗಳನ್ನು ಬರೆಯುವೆನು.

ಮೊದಲನೆಯದಾಗಿ, ಮಾತು ಚಿಕ್ಕದಾಗಿರಲಿ. “ಚೀಲವನ್ನಿಟ್ಟು, ಕೈತೊಳೆದು, ಹಗ್ಗ ತೆಗೆದುಕೊಂಡು, ಮರದ ಕೆಳಗೆ ಬನ್ನಿರಿ” ಎಂದು ಒಂದೇ ಉಸಿರಿನಲ್ಲಿ ನಾಲ್ಕು ಅಪ್ಪಣೆಗಳನ್ನು ಕೊಟ್ಟರೆ ಅವಳಿಗೆ ಉಳಿಯುವುದು ಒಂದು. ಹತ್ತಿರ ಹೋಗಿ, ಹೆಸರು ಹಿಡಿದು ಕರೆದು, ಒಂದೊಂದಾಗಿ ಹೇಳಬೇಕು. ಮಾಡಿ ತೋರಿಸಿದರೆ ಇನ್ನೂ ಒಳ್ಳೆಯದು. ಆ ದಿನದ ಕಾರ್ಯಕ್ರಮವನ್ನು ಹಲಗೆಯ ಮೇಲೆ ಬರೆದಿಡಬೇಕು. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವ ಐದು ನಿಮಿಷ ಮುಂಚಿತವಾಗಿ ಎಚ್ಚರಿಸಬೇಕು. ಇದರಿಂದ ಉಳಿದ ಮಕ್ಕಳಿಗೂ ಅನುಕೂಲವೇ.

ಎರಡನೆಯದಾಗಿ, ಕಾಯುವ ಹೊತ್ತನ್ನು ಕಡಿಮೆ ಮಾಡಬೇಕು. ನಾವೆಲ್ಲ ಆಡಿದ ಕೆರೆ-ದಡ ಆಟವನ್ನು ನೆನೆಯಿರಿ. “ಕೆರೆ” ಎಂದಾಗ ದಡದಲ್ಲಿ ಉಳಿದವಳು ಆಟದಿಂದ ಹೊರಗೆ. ಕಿವಿಗೊಟ್ಟು ಕೇಳಲು ಕಷ್ಟಪಡುವ ಹುಡುಗಿಯು ಎಲ್ಲರಿಗಿಂತ ಮೊದಲು ಹೊರಗಾಗುವಳು. ಹೊರಗಾದವಳು ಆಟ ಮುಗಿಯುವವರೆಗೂ ಸುಮ್ಮನೆ ಕೂರಬೇಕು. ಎಂದರೆ ಯಾರಿಗೆ ಕೂರುವುದು ಎಲ್ಲರಿಗಿಂತ ಕಷ್ಟವೋ ಅವಳನ್ನೇ ಎಲ್ಲರಿಗಿಂತ ಹೆಚ್ಚು ಹೊತ್ತು ಕೂರಿಸಿದಂತಾಯಿತು! ಆಮೇಲೆ ಅವಳು ಪಕ್ಕದವಳ ಜಡೆಯನ್ನು ಎಳೆದಳೆಂದು ದೂರು ಬರುವುದು. ತಪ್ಪಿದವಳು ಹತ್ತು ಸಲ ಕುಪ್ಪಳಿಸಿ ಮತ್ತೆ ಆಟಕ್ಕೆ ಬರಬಹುದೆಂದು ನಿಯಮವನ್ನು ಬದಲಾಯಿಸಿದರೆ ಯಾರಿಗೆ ನಷ್ಟ?

ಮೂರನೆಯದಾಗಿ, ಗುಂಪು ಸಣ್ಣದಾಗಿರಲಿ. ನಮ್ಮ ದೇಶದಲ್ಲಿ ೧೯೧೧ರಲ್ಲಿ ಜಬಲ್‌ಪುರದಲ್ಲಿ ಮೊದಲಾದ ಗೈಡ್ ಚಳವಳಿಯ ಅಡಿಪಾಯವೇ ಆರರಿಂದ ಎಂಟು ಹುಡುಗಿಯರ ಗುಂಪು, ಅದಕ್ಕೊಬ್ಬ ನಾಯಕಿ. ಈ ಏರ್ಪಾಡು ಚಂಚಲ ಹುಡುಗಿಗೆಂದೇ ಮಾಡಿದಂತಿದೆ. ಆದರೆ ನಾವು ಅನೇಕ ಸಲ ಇದನ್ನು ಮರೆತು, ಮೂವತ್ತು ಮಂದಿಯನ್ನೂ ಒಟ್ಟಿಗೆ ನಿಲ್ಲಿಸಿ ಭಾಷಣ ಮಾಡುವೆವು. ಸಣ್ಣ ಗುಂಪಿನಲ್ಲಿ ಶಾಂತಸ್ವಭಾವದ ಒಬ್ಬ ಗೆಳತಿಯನ್ನು ಅವಳ ಜತೆಗೆ ಕೂಡಿಸಿರಿ. ಆ ಗೆಳತಿಯು ಕಾವಲುಗಾರ್ತಿಯಾಗಬಾರದು, ಜತೆಗಾತಿಯಾಗಿರಬೇಕು.

ನಾಲ್ಕನೆಯದಾಗಿ, ಅವಳಿಗೆ ನಿಜವಾದ ಕೆಲಸವನ್ನು ಕೊಡಬೇಕು. ಧ್ವಜವನ್ನು ತರುವುದು, ಹಗ್ಗಗಳನ್ನು ಹಂಚುವುದು, ನೀರಿನ ಕೊಡ ತುಂಬಿದೆಯೇ ಎಂದು ನೋಡುವುದು, ಹಾಡಿಗೆ ತಾಳ ಹಾಕುವುದು, ಇವೆಲ್ಲ ಎದ್ದು ಓಡಾಡುವ ಕೆಲಸಗಳು. ಓಡಾಟವು ತಪ್ಪೆನಿಸದೆ ಸೇವೆಯೆನಿಸುವುದು. ಸುಮ್ಮನಿರಿಸುವುದಕ್ಕಾಗಿ ಕೊಟ್ಟ ಸುಳ್ಳು ಕೆಲಸವನ್ನು ಮಕ್ಕಳು ಕೂಡಲೇ ಕಂಡುಹಿಡಿಯುವರು.

ಐದನೆಯದಾಗಿ, ಹೊಗಳಿಕೆಯು ಎಲ್ಲರೆದುರಿಗೆ, ಒಡನೆಯೇ ಇರಲಿ. ತಿದ್ದುವುದು ಒಬ್ಬಳನ್ನೇ ಕರೆದು, ಮೆಲ್ಲಗೆ ಆಗಲಿ. ವರ್ಷದ ಕೊನೆಯ ಬಹುಮಾನವು ಅವಳಿಗೆ ಬಹು ದೂರದ ಮಾತು. “ಇವತ್ತು ಗಂಟನ್ನು ಪೂರ್ತಿ ಹಾಕಿದೆ, ನೋಡಿದೆ” ಎಂದು ಆಗಲೇ ಹೇಳಿದ ಒಂದು ಮಾತಿನಿಂದ ಆಗುವಷ್ಟು ಉಪಕಾರವು ವರ್ಷಾಂತ್ಯದ ಬೆಳ್ಳಿಯ ಬಟ್ಟಲಿನಿಂದಲೂ ಆಗದು. ಗಲಾಟೆ ಹೆಚ್ಚಾಗಿ ಅವಳ ಮನಸ್ಸು ಕೆಟ್ಟಾಗ ಸ್ವಲ್ಪ ಹೊತ್ತು ಹೋಗಿ ಕೂರಲು ಒಂದು ನೆರಳಿನ ಸ್ಥಳವಿರಲಿ. ಅದನ್ನು ಶಿಕ್ಷೆಯ ಮೂಲೆಯಾಗಿ ಮಾಡಬಾರದು.

ಶಿಬಿರಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಯೋಚಿಸುವುದಕ್ಕೆ ಮುಂಚೆ ಓಡುವ ಮಗುವಿಗೆ ರಸ್ತೆ, ಹೊಳೆ, ಬಾವಿ, ಒಲೆ ಇವುಗಳಿಂದ ಅಪಾಯ ಹೆಚ್ಚು. ಅವಳ ಮೇಲೆ ಕಣ್ಣಿಡುವವರು ಯಾರೆಂಬುದನ್ನು ಮೊದಲೇ ನಿಶ್ಚಯಿಸಬೇಕು. “ಎಲ್ಲರೂ ನೋಡುತ್ತೇವೆ” ಎಂದರೆ ಯಾರೂ ನೋಡುವುದಿಲ್ಲವೆಂದೇ ಅರ್ಥ. ಕೆಲವು ಮಕ್ಕಳಿಗೆ ವೈದ್ಯರು ಔಷಧವನ್ನು ಕೊಟ್ಟಿರುವರು. ಮೀಥೈಲ್‌ಫೆನಿಡೇಟ್ ಎಂಬ ಔಷಧದಿಂದ ಹಗಲಿನಲ್ಲಿ ಹಸಿವು ಕುಗ್ಗಬಹುದು, ರಾತ್ರಿ ನಿದ್ರೆ ತಡವಾಗಬಹುದು. ಮಧ್ಯಾಹ್ನ ಊಟ ಬಿಟ್ಟಳೆಂದು ಗದರಿಸದೆ ಸಂಜೆಗೆ ಏನಾದರೂ ತಿನ್ನಲು ಇಟ್ಟಿರಬೇಕು. ಔಷಧವನ್ನು ತಾಯಿತಂದೆಗಳು ಬರೆದುಕೊಟ್ಟಂತೆಯೇ, ಒಬ್ಬರೇ ಜವಾಬ್ದಾರಿಯಿಂದ ಕೊಡಬೇಕು. “ಶಿಬಿರದ ನಾಲ್ಕು ದಿನ ಬೇಡ” ಎಂದು ನಿಲ್ಲಿಸುವ ಅಧಿಕಾರವು ನಮಗಿಲ್ಲ.

ಇದಕ್ಕೆ ಆಕ್ಷೇಪಣೆಗಳು ಬರುವುದನ್ನು ಬಲ್ಲೆನು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹಿರಿಯರು ಕೇಳುವರು. ಬಗ್ಗಿಸಬಾರದೆಂದು ನಾನೂ ಹೇಳುವುದಿಲ್ಲ. ಆದರೆ ಮಲ್ಲಿಗೆಯ ಬಳ್ಳಿಯನ್ನೂ ನಿಂಬೆಯ ಗಿಡವನ್ನೂ ಒಂದೇ ಬಗೆಯಾಗಿ ಬಗ್ಗಿಸುವ ತೋಟಗಾರನುಂಟೇ? ಇನ್ನು, ಒಬ್ಬಳಿಗೊಂದು ನಿಯಮ ಇನ್ನೊಬ್ಬಳಿಗೊಂದು ನಿಯಮವಾದರೆ ಪಕ್ಷಪಾತವಲ್ಲವೇ ಎಂಬ ಪ್ರಶ್ನೆ. ಬೆಟ್ಟ ಹತ್ತುವಾಗ ಒಬ್ಬಳ ಕಾಲು ಉಳುಕಿದರೆ ಅವಳ ಚೀಲವನ್ನು ಇನ್ನೊಬ್ಬಳು ಹೊರುವಳು; ಇದನ್ನು ಯಾವ ಮಗುವೂ ಪಕ್ಷಪಾತವೆನ್ನುವುದಿಲ್ಲ. ದೊಡ್ಡವರು ಹೇಳಿಕೊಡುವವರೆಗೂ ಮಕ್ಕಳು ಇಂಥ ಲೆಕ್ಕವನ್ನು ಹಾಕುವುದಿಲ್ಲ. ಆದರೆ ಒಂದು ಮಾತು: ಇವಳು ಯಾರನ್ನಾದರೂ ಹೊಡೆದರೆ, ಯಾರ ವಸ್ತುವನ್ನಾದರೂ ಕೆಡಿಸಿದರೆ, ಕ್ಷಮೆ ಕೇಳಿ ಸರಿಪಡಿಸಲೇ ಬೇಕು. ಇಲ್ಲವಾದರೆ ಗೆಳತಿಯರು ದೂರವಾಗುವರು, ಅವಳಿಗೇ ನಷ್ಟ.

ಮೂರನೆಯ ಆಕ್ಷೇಪಣೆಯು ನ್ಯಾಯವಾದುದು. ಒಬ್ಬ ಉಪಾಧ್ಯಾಯಿನಿಯು ವಾರವೆಲ್ಲ ಪಾಠಮಾಡಿ ದಣಿದು, ಶನಿವಾರ ಮೂವತ್ತು ಹುಡುಗಿಯರನ್ನು ನಡೆಸುತ್ತಿರುವಾಗ, ಒಬ್ಬಳ ಪಕ್ಕದಲ್ಲಿ ನಿಂತು ಒಂದೊಂದಾಗಿ ಹೇಳಿಕೊಡಲು ಅವಳಿಗೆ ಹೇಗೆ ಸಾಧ್ಯ? ನನಗೂ ಸಾಧ್ಯವಾಗಿರಲಿಲ್ಲ. ನನ್ನ ತಪ್ಪಿಗೆ ಇದು ಪೂರ್ತಿ ಸಮಾಧಾನವಲ್ಲ, ಆದರೂ ಕಾರಣಗಳಲ್ಲಿ ಒಂದು. ಆದುದರಿಂದಲೇ ಈ ಲೇಖನವನ್ನು ಉಪಾಧ್ಯಾಯಿನಿಯರಿಗೆ ಬರೆಯದೆ ನಿಮಗೆ ಬರೆದಿರುವೆನು.

ತಾಯಿತಂದೆಗಳೇ, ಮಗಳ ಸ್ಥಿತಿಯನ್ನು ದಳದ ನಾಯಕಿಯಿಂದ ಮುಚ್ಚಿಡಬೇಡಿರಿ. ನಾಲ್ಕು ಜನಕ್ಕೆ ತಿಳಿದರೆ ಏನೆಂದುಕೊಳ್ಳುವರೋ, ನಾಳೆ ಸಂಬಂಧ ಹುಡುಕುವಾಗ ಏನಾಗುವುದೋ ಎಂಬ ಭಯವನ್ನು ನಾನು ಬಲ್ಲೆನು. ಎಲ್ಲರಿಗೂ ಹೇಳಬೇಕಾಗಿಲ್ಲ, ಮಗುವನ್ನು ಒಪ್ಪಿಸಿಕೊಳ್ಳುವ ಒಬ್ಬಳಿಗೆ ಹೇಳಿದರೆ ಸಾಕು. ಯಾವಾಗ ಅವಳು ಸಿಟ್ಟಾಗುವಳು, ಯಾವುದರಿಂದ ಸಮಾಧಾನಗೊಳ್ಳುವಳು, ಯಾವ ಕೆಲಸದಲ್ಲಿ ಕೈ ಓಡುವುದು, ಇದನ್ನು ನಿಮ್ಮಷ್ಟು ಬಲ್ಲವರಿಲ್ಲ. ಒಂದು ಕಾಗದದ ಮೇಲೆ ಹತ್ತು ಸಾಲು ಬರೆದುಕೊಡಿರಿ. ಹಾಗೆಯೇ ಉಳಿದ ಮಕ್ಕಳ ತಾಯಂದಿರಲ್ಲಿ ಒಂದು ಬೇಡಿಕೆ: “ಆ ಹುಡುಗಿಯ ಜತೆ ಸೇರಬೇಡ” ಎಂದು ಮಗಳಿಗೆ ಹೇಳುವ ಮೊದಲು, ಆ ಹುಡುಗಿಗೂ ಒಬ್ಬ ತಾಯಿಯಿರುವಳೆಂಬುದನ್ನು ನೆನೆಯಿರಿ.

ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರೇ, ನಿಮ್ಮಿಂದ ನಾನು ಹಣವನ್ನು ಕೇಳುತ್ತಿಲ್ಲ. ತಿಂಗಳಿಗೆ ಎರಡು ಶನಿವಾರ, ಎರಡೆರಡು ಗಂಟೆ ಹೊತ್ತನ್ನು ಕೇಳುತ್ತಿರುವೆನು. ನಿಮ್ಮ ಊರಿನಲ್ಲಿ ಯಾವ ಬಾಲಿಕಾ ದಳವಿದ್ದರೂ, ಗಾಯನ ಮಂಡಲಿಯಿದ್ದರೂ ಅಲ್ಲಿ ಹೋಗಿ, ನಡೆಸುವವಳಿಗೆ ಎರಡನೆಯ ಜತೆ ಕೈಗಳಾಗಿರಿ. ನಿಮ್ಮಲ್ಲಿ ಕೆಲವರು ಈ ಲೇಖನವನ್ನು ಓದುತ್ತ, “ಇದು ನನ್ನದೇ ಕಥೆಯಲ್ಲವೇ” ಎಂದುಕೊಂಡಿರಬಹುದು. ಈ ಸ್ಥಿತಿಯು ಅನೇಕರಲ್ಲಿ ದೊಡ್ಡವರಾದ ಮೇಲೂ ಉಳಿಯುವುದುಂಟು. ಕುಳಿತಲ್ಲಿ ಕೂರದೆ ಬೈಗುಳು ತಿಂದವರು, ಕಿಟಕಿಯ ಹೊರಗೆ ನೋಡುತ್ತ ದಡ್ಡಿಯೆನಿಸಿಕೊಂಡವರು ನೀವಾಗಿದ್ದರೆ, ಆ ಮಗುವಿನ ಪಕ್ಕದಲ್ಲಿ ನಿಲ್ಲಲು ನಿಮಗಿಂತ ತಕ್ಕವರಾರು?

ಕೆಲವು ವರ್ಷಗಳ ಹಿಂದೆ ಅಂಥದೇ ಇನ್ನೊಬ್ಬ ಹುಡುಗಿಯು ನನ್ನ ಕೈಗೆ ಬಂದಳು. ಈ ಸಲ ಸಹಾಯಕ್ಕೆ ಒಬ್ಬ ಹಳೆಯ ವಿದ್ಯಾರ್ಥಿನಿಯು ಬರುತ್ತಿದ್ದಳು. ಪವಾಡವೇನೂ ಆಗಲಿಲ್ಲ. ಅವಳೂ ಸ್ಕಾರ್ಫುಗಳನ್ನು ಕಳೆದಳು. ಒಮ್ಮೆ ಸಾರಿನ ಪಾತ್ರೆಯನ್ನೇ ಉರುಳಿಸಿದಳು. ನನಗೆ ಕೋಪವೂ ಬಂದಿತು. ಆದರೆ ಅವಳು ಉಳಿದಳು. ಎರಡನೆಯ ವರ್ಷದಲ್ಲಿ ಧ್ವಜ ಏರಿಸುವ ಕೆಲಸವು ಅವಳದಾಯಿತು. ಅದನ್ನು ಒಂದು ದಿನವೂ ಮರೆಯಲಿಲ್ಲ. ಆ ವರ್ಷದ ದಳದ ಚಿತ್ರದಲ್ಲಿ ಮುಂದಿನ ಸಾಲಿನ ಎಡಗಡೆಯಲ್ಲಿ ನಿಂತಿರುವಳು. ಚಿತ್ರ ತೆಗೆಯುವ ಕ್ಷಣದಲ್ಲಿ ತಲೆ ತಿರುಗಿಸಿದುದರಿಂದ ಮುಖವು ಸ್ವಲ್ಪ ಮಸಕಾಗಿದೆ.

ಮೊದಲನೆಯ ಹುಡುಗಿಗೆ ನಾನು ಮಾಡಿದುದನ್ನು ಹಿಂದಕ್ಕೆ ತೆಗೆದುಕೊಳ್ಳಲಾರೆನು. ಅವಳು ಈಗ ದೊಡ್ಡವಳಾಗಿರಬೇಕು. ಈ ಸಂಚಿಕೆಯು ಅವಳ ಕೈಸೇರಿದರೆ ನನ್ನನ್ನು ಕ್ಷಮಿಸಲಿ. ಇನ್ನು ಮುಂದಿನ ಸಂಚಿಕೆಗಳ ಚಿತ್ರಗಳಲ್ಲಿ ಹೀಗೆ ಯಾರ ಸ್ಥಳವೂ ಬರಿದಾಗದಂತೆ ನೋಡಿಕೊಳ್ಳುವ ಭಾರವನ್ನು, ಮಾನ್ಯರಾದ ತಾಯಿತಂದೆಗಳೂ ಪ್ರಿಯ ಸಹೋದರಿಯರೂ ನನ್ನೊಡನೆ ಹೊರಬೇಕೆಂದು ವಿನಯಪೂರ್ವಕವಾಗಿ ಬೇಡಿಕೊಳ್ಳುವೆನು.